ತಪ್ಪು ಪ್ರಶ್ನೆ ಕೇಳಿ ಕಲಿತದ್ದು

ಪ್ರತಿ ವರ್ಷ ಸಮಾಜಕಾರ್ಯ ಓದುವ ನಾಲ್ಕೈದು ಹುಡುಗ ಹುಡುಗಿಯರು ಕ್ಷೇತ್ರಕಾರ್ಯಕ್ಕೆಂದು ನನ್ನ ಹತ್ತಿರ ಬರುತ್ತಾರೆ. ಯಲಹಂಕದ ಹಳೇ ಊರು, ಹೆಬ್ಬಾಳ, ಆರ್.ಟಿ. ನಗರ, ಮತ್ತಿಕೆರೆ, ಯಶವಂತಪುರ: ಹದಿನಾರು ವರ್ಷದಿಂದ ನಾನು ಹಿರಿಯರ ಮನೆಗಳಿಗೆ ಹೋಗಿಬರುವ ದಾರಿ ಇದು. ಬಂದವರ ಚೀಲದಲ್ಲಿ ಅಚ್ಚುಹಾಕಿಸಿದ ಪ್ರಶ್ನಾವಳಿ ಇರುತ್ತದೆ, ಬಾಯಲ್ಲಿ ಜೆರೊಂಟಾಲಜಿ ಎಂಬ ಪದ. ಮುಪ್ಪಿನ ಅಧ್ಯಯನಕ್ಕೆ 1903ರಲ್ಲಿ ಆ ಹೆಸರಿಟ್ಟವನು ಮೆಚ್ನಿಕಾಫ್ ಎಂಬ ವಿಜ್ಞಾನಿ. ಹುಳಿ ಮೊಸರು ಆಯಸ್ಸು ಹೆಚ್ಚಿಸುತ್ತದೆ ಎಂದು ನಂಬಿದ್ದ. ಮೊಸರನ್ನವಿಲ್ಲದೆ ಎಲೆ ಬಿಡದ ನಮ್ಮ ಅಜ್ಜಂದಿರಿಗೆ ಇದನ್ನು ಹೇಳಿದರೆ ಆ ಶಾಸ್ತ್ರದ ಮೇಲೆ ಗೌರವ ಬರುತ್ತದೆ! ಉಳಿದಂತೆ, ನಾನು ಕಲಿತದ್ದೆಲ್ಲ ತಪ್ಪು ಪ್ರಶ್ನೆ ಕೇಳಿ ಪೆಟ್ಟು ತಿಂದ ಮೇಲೆಯೇ.

1. "ವಯಸ್ಸೆಷ್ಟು?" ಎಂದು ಶುರು ಮಾಡಬೇಡಿ.

ಅರವತ್ತು, ಅರವತ್ತೈದು, ಎಪ್ಪತ್ತು. ಉತ್ತರಗಳೆಲ್ಲ ಸೊನ್ನೆಗೋ ಐದಕ್ಕೋ ಬಂದು ನಿಲ್ಲುತ್ತವೆ. ಆಧಾರ್ ಕಾರ್ಡ್ ನೋಡಿದರೆ ಬೀದಿಗೆ ಬೀದಿಯೇ ಜನವರಿ 1ರಂದು ಹುಟ್ಟಿದ ಹಾಗಿರುತ್ತದೆ. 2019ರಲ್ಲಿ ಯಲಹಂಕದ ಹಳೇ ಊರಿನ ಒಬ್ಬ ಅಜ್ಜಿಯ ಕಾರ್ಡಿನಲ್ಲಿ ವಯಸ್ಸು ಎಂಬತ್ತು. "ಬಂಗಾರದ ಮನುಷ್ಯ ಬಂದಾಗ ನೋಡಿದ್ರಾ?" ಅಂದೆ. "ನೋಡ್ದೆ ಇರ್ತೀನಾ? ಎರಡ್ನೇ ಮಗ ಸೊಂಟದ ಮೇಲಿದ್ದ, ಆಟ ಪೂರಾ ಅತ್ತ." ಚಿತ್ರ ಬಂದದ್ದು 1972ರಲ್ಲಿ. ಮೊದಲ ಹೆರಿಗೆ ಹದಿನೇಳಕ್ಕೆ ಎಂದು ಅವರೇ ಹೇಳಿದರು. ಲೆಕ್ಕ ಹಾಕಿದರೆ ಎಪ್ಪತ್ತೂ ತುಂಬಿರಲಿಕ್ಕಿಲ್ಲ. ಆ ಚಿತ್ರ ತಿಂಗಳುಗಟ್ಟಲೆ ಓಡಿದ್ದರಿಂದ ಒಂದು ವರ್ಷ ಆಚೀಚೆ ಆಗಬಹುದು, ಹತ್ತು ವರ್ಷ ಆಗುವುದಿಲ್ಲ. ಗಾಂಧಿ ತೀರಿಕೊಂಡದ್ದು, ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬಂದದ್ದು, ಎಮರ್ಜೆನ್ಸಿ, ಇವನ್ನೆಲ್ಲ ಇಸವಿ ಸಮೇತ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಅರವತ್ತು ದಾಟಿದವರೆಲ್ಲ ಒಂದೇ ಗುಂಪು ಎಂದೂ ತಿಳಿಯಬೇಡಿ. ಅಮೆರಿಕದ ಬರ್ನಿಸ್ ನ್ಯೂಗಾರ್ಟನ್ 1974ರಲ್ಲಿ ಎಳೆಮುಪ್ಪು ಬೇರೆ, ಬಲಿತ ಮುಪ್ಪು ಬೇರೆ ಎಂದು ವಿಂಗಡಿಸಿದರು. ನಮ್ಮಲ್ಲಿ ಅರವತ್ತಕ್ಕೆ ಷಷ್ಟಿಪೂರ್ತಿ, ಎಪ್ಪತ್ತಕ್ಕೆ ಭೀಮರಥ ಶಾಂತಿ, ಎಂಬತ್ತು ದಾಟಿದ ಮೇಲೆ ಸಹಸ್ರಚಂದ್ರ ದರ್ಶನ ಎಂದು ಪುರೋಹಿತರು ಎಂದೋ ವಿಂಗಡಿಸಿಟ್ಟಿದ್ದಾರೆ.

2. ಕಾಯಿಲೆಗಳ ಪಟ್ಟಿ ಮಾಡಿದರೆ ಮನುಷ್ಯ ಸಿಗುವುದಿಲ್ಲ.

ಮತ್ತಿಕೆರೆಯಲ್ಲಿ ಒಂದೇ ರಸ್ತೆಯ ಇಬ್ಬರು, ಇಬ್ಬರೂ ಗಡಿಯಾರದ ಕಾರ್ಖಾನೆಯಿಂದ ನಿವೃತ್ತರು. ಒಬ್ಬರಿಗೆ ಶುಗರ್, ಬಿಪಿ, ಹೃದಯಕ್ಕೆ ಸ್ಟೆಂಟ್. ವಾರಕ್ಕೊಮ್ಮೆ ಯಶವಂತಪುರದ ಮಾರ್ಕೆಟ್ ಯಾರ್ಡಿಗೆ ಹೋಗಿ ಚೌಕಾಸಿ ಮಾಡಿ ಈರುಳ್ಳಿ ತರುತ್ತಾರೆ. ಇನ್ನೊಬ್ಬರಿಗೆ "ಏನೂ ಕಾಯಿಲೆ ಇಲ್ಲ". ಆದರೆ ಸಹಿ ನಡುಗುತ್ತದೆಂದು ಬ್ಯಾಂಕಿಗೆ ಹೋಗುವುದನ್ನು ಬಿಟ್ಟರು, ಆಮೇಲೆ ಬಸ್ ಹತ್ತುವುದನ್ನು, ಆಮೇಲೆ ಗೇಟು ದಾಟುವುದನ್ನು. ಮೊದಲ ಸಲ ನಾನು ನನ್ನ ಪುಸ್ತಕದಲ್ಲಿ ಸ್ಟೆಂಟಿನವರ ಹೆಸರಿನ ಮುಂದೆ ಕೆಂಪು ಗುರುತು ಹಾಕಿದ್ದೆ.

ಯಾವ ಕೆಲಸವನ್ನು ತಾವೇ ಮಾಡಿಕೊಳ್ಳಬಲ್ಲರು ಎಂಬುದಕ್ಕೆ ಎರಡು ಅಳತೆಗಳಿವೆ. 1963ರ ಕಾಟ್ಜ್ ಪಟ್ಟಿಯಲ್ಲಿ ಆರು ಕೆಲಸ: ಸ್ನಾನ, ಬಟ್ಟೆ, ಶೌಚಕ್ಕೆ ಹೋಗುವುದು, ಮಲಮೂತ್ರದ ಹಿಡಿತ, ಹಾಸಿಗೆಯಿಂದ ಏಳುವುದು, ಉಣ್ಣುವುದು. 1969ರ ಲಾಟನ್ ಮತ್ತು ಬ್ರೋಡಿ ಪಟ್ಟಿಯಲ್ಲಿ ಎಂಟು: ಫೋನು, ಅಂಗಡಿ, ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದು, ಓಡಾಟ, ಮಾತ್ರೆ, ದುಡ್ಡಿನ ವ್ಯವಹಾರ. ಸಾಮಾನ್ಯವಾಗಿ ಈ ಎಂಟರಲ್ಲಿ ಮೊದಲು ಬಿರುಕು ಬಿಡುತ್ತದೆ, ಆರಕ್ಕೆ ಬರುವುದು ಆಮೇಲೆ. ಆದರೆ ಇಲ್ಲೂ ಒಂದು ಗುಂಡಿ ಇದೆ. "ಅಡುಗೆ ಮಾಡ್ತೀರಾ?" ಅಂದರೆ ಯಜಮಾನರು ನಗುತ್ತಾರೆ, ಹುಟ್ಟಿದಾಗಿನಿಂದ ಒಲೆ ಮುಟ್ಟಿದವರಲ್ಲ. ಅವರ ಹೆಂಡತಿ ಬ್ಯಾಂಕಿನ ಮೆಟ್ಟಿಲು ಹತ್ತಿದವರಲ್ಲ. ಇಬ್ಬರಿಗೂ ಸೊನ್ನೆ ಕೊಟ್ಟರೆ ನೀವು ಅಳೆದದ್ದು ಮುಪ್ಪನ್ನಲ್ಲ, ದಾಂಪತ್ಯವನ್ನು. ಹಾಗಾಗಿ ನಾನೀಗ ಕೇಳುವುದು ಒಂದೇ: "ಮುಂಚೆ ಮಾಡ್ತಿದ್ದು, ಈಗ ಬಿಟ್ಟಿರೋದು ಏನು? ಯಾವಾಗ ಬಿಟ್ರಿ?"

3. ಅರವತ್ತಕ್ಕೆ ಅರಳು ಮರಳು ಎಂಬ ಗಾದೆಯನ್ನು ಬಾಗಿಲಾಚೆ ಬಿಟ್ಟು ಒಳಗೆ ಬನ್ನಿ.

ಈ ಗಾದೆಯಷ್ಟು ಕೆಡುಕು ಮಾಡಿದ ಮಾತು ನಮ್ಮ ಭಾಷೆಯಲ್ಲಿ ಇನ್ನೊಂದು ಇದೆಯೋ ಇಲ್ಲವೋ. ಆರ್.ಟಿ. ನಗರದ ಒಂದು ಮನೆಯಿಂದ ಫೋನ್ ಬಂತು. "ಅಮ್ಮ ಮೂರು ದಿನದಿಂದ ಏನೇನೋ ಮಾತಾಡ್ತಿದಾರೆ, ತೀರಿಹೋದ ತಮ್ಮನ್ನ ಊಟಕ್ಕೆ ಕರೀತಿದಾರೆ." ವಯಸ್ಸಾಯಿತಲ್ಲ, ಸೋಮವಾರ ಬರುತ್ತೇನೆ ಎಂದೆ. ಹಾಗೆ ಹೇಳಿದವಳು ನಾನೇ, ಕೆಲಸಕ್ಕೆ ಸೇರಿ ಆರು ವರ್ಷವಾಗಿದ್ದವಳು. ಸೋಮವಾರದ ಹೊತ್ತಿಗೆ ಅವರು ಆಸ್ಪತ್ರೆಯಲ್ಲಿದ್ದರು. ಮೂತ್ರದ ಸೋಂಕು. ಔಷಧಿ ಬಿದ್ದ ಮೇಲೆ ವಾರದಲ್ಲಿ ಮಾತು ಮೊದಲಿನಂತಾಯಿತು, ನನ್ನನ್ನು ಗುರುತಿಸಿ ಕಾಫಿ ಕುಡಿಯಿರಿ ಎಂದರು. ಆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ.

ಮೂರು ದಿನದಲ್ಲಿ ಬಂದ ಗೊಂದಲ ಬೇರೆ, ಮೂರು ವರ್ಷದಲ್ಲಿ ನಿಧಾನ ಬಂದ ಮರೆವು ಬೇರೆ. ಮೊದಲನೆಯದು ಅವತ್ತೇ ವೈದ್ಯರ ಬಳಿ ಹೋಗಬೇಕಾದದ್ದು. ಎರಡನೆಯದರಲ್ಲೂ ಎಲ್ಲವೂ ಆಲ್ಝೈಮರ್ ಅಲ್ಲ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ರಾತ್ರಿ ನುಂಗುವ ನಿದ್ದೆ ಮಾತ್ರೆ, ಇವೂ ಮರೆವಿನ ವೇಷ ಹಾಕುತ್ತವೆ. ಇನ್ನು ಆಲ್ಝೈಮರ್‌ನ ವಿಷಯ: ವೈದ್ಯ ಆಲ್ಝೈಮರ್ ಮೊದಲು ಗುರುತಿಸಿದ ರೋಗಿ 1901ರಲ್ಲಿ ಆಸ್ಪತ್ರೆಗೆ ಸೇರಿದಾಗ ಆಕೆಗೆ 51 ವರ್ಷ. ಅರಳು ಮರಳಿಗೆ ಇನ್ನೂ ಒಂಬತ್ತು ವರ್ಷ ಬಾಕಿ.

ಹಾಗಂತ ಮರೆವಿನ ಪರೀಕ್ಷೆಯ ಹಾಳೆಯನ್ನೇ ನಂಬಿ ಕೂರುವಂತಿಲ್ಲ. ಫೋಲ್‌ಸ್ಟೀನ್ ಅವರ 1975ರ ಪ್ರಶ್ನೆಗಳನ್ನು ಹಿಡಿದು ನನ್ನ ವಿದ್ಯಾರ್ಥಿನಿ ಹೆಬ್ಬಾಳದ ಹೂ ಕಟ್ಟುವ ಅಜ್ಜಿಯನ್ನು ಕೇಳಿದಳು: ಇವತ್ತು ತಾರೀಖು ಎಷ್ಟು? "ನಾಡಿದ್ದು ಏಕಾದಶಿ." ತಪ್ಪು ಎಂದು ಗೀಟು ಹಾಕಿದಳು. ನೂರರಿಂದ ಏಳೇಳು ಕಳೆಯುತ್ತ ಹೋಗಿ ಅಂದಳು. ಅಜ್ಜಿ ಸುಮ್ಮನಾದರು. ಅಷ್ಟರಲ್ಲಿ ಗಿರಾಕಿ ಬಂದ. ಮೂರೂವರೆ ಮೊಳ ಸೇವಂತಿಗೆ, ಮೊಳಕ್ಕೆ ನಲವತ್ತು, ಇನ್ನೂರರ ನೋಟು. ಅಜ್ಜಿ ಅರವತ್ತು ರೂಪಾಯಿ ವಾಪಸ್ ಕೊಟ್ಟಾಗಿತ್ತು, ನಾವಿಬ್ಬರೂ ಇನ್ನೂ ಗುಣಿಸುತ್ತಿದ್ದೆವು. ಕ್ಯಾಲೆಂಡರ್ ನೋಡಿದೆವು, ನಾಡಿದ್ದು ಏಕಾದಶಿಯೇ.

4. ಸೊಸೆಯನ್ನಲ್ಲ, ಅವರನ್ನೇ ಕೇಳಿ.

ಎದುರಿಗೆ ಕೂತವರನ್ನು ಬಿಟ್ಟು "ಅಜ್ಜಿ ಚೆನ್ನಾಗಿ ಊಟ ಮಾಡ್ತಾರಾ?" ಎಂದು ಪಕ್ಕದವರನ್ನು ಕೇಳುವುದಕ್ಕೆ ಕಾಯಿಲೆಯ ಹೆಸರಿಡಬೇಕು. ಅದು ಇರುವುದು ನಮಗೆ.

5. ಕಿರುಚಬೇಡಿ.

ಮುಪ್ಪಿನಲ್ಲಿ ಮೊದಲು ಹೋಗುವುದು ತೆಳುವಾದ, ಏರುಸ್ವರದ ಸದ್ದುಗಳು. ಸ, ಶ, ತ ಅಕ್ಷರಗಳು ಜಾರಿಹೋಗುತ್ತವೆ, ದಪ್ಪ ಸದ್ದು ಉಳಿಯುತ್ತದೆ. ಮೊಮ್ಮಗಳು ಕರೆದರೆ ಕೇಳದ ಯಲಹಂಕದ ತಾತನಿಗೆ ಏರೋ ಇಂಡಿಯಾ ವಿಮಾನಗಳ ಗುಡುಗು ಕೇಳುತ್ತದೆ. "ಬೇಕಾದ್ದು ಮಾತ್ರ ಕೇಳ್ಸುತ್ತೆ ಇವರಿಗೆ" ಎಂದು ಮನೆಯವರು ಮುನಿಯುತ್ತಾರೆ. ಮುಖಕ್ಕೆ ಮುಖ ಕೊಟ್ಟು, ದನಿ ತಗ್ಗಿಸಿ, ನಿಧಾನವಾಗಿ ಮಾತಾಡಿ. ಟಿವಿ ಆರಿಸಿ.

6. ಮನೆ ಯಾರ ಹೆಸರಲ್ಲಿದೆ ಎಂಬುದೂ ಆರೋಗ್ಯದ ಪ್ರಶ್ನೆ.

ದೇವನಹಳ್ಳಿಯ ವಿಮಾನ ನಿಲ್ದಾಣ 2008ರಲ್ಲಿ ಶುರುವಾಯಿತು. ಯಲಹಂಕದ ಸುತ್ತ ರಾಗಿ ಬೆಳೆಯುತ್ತಿದ್ದ ಹೊಲಗಳು ಸೈಟುಗಳಾದವು. ದುಡ್ಡು ಬಂತು, ಪಾಲು ಆಯಿತು, ಉಳಿದ ಮನೆಯನ್ನು ಅಪ್ಪ ಮಗನಿಗೆ ದಾನಪತ್ರ ಬರೆದುಕೊಟ್ಟರು. ನಡುಮನೆಯಲ್ಲಿದ್ದ ಮಂಚ ಎರಡು ವರ್ಷದಲ್ಲಿ ಶೀಟು ಹೊದಿಸಿದ ಪಡಸಾಲೆಗೆ ಬಂದದ್ದನ್ನು ನಾನು ಒಂದಲ್ಲ, ಹಲವು ಮನೆಗಳಲ್ಲಿ ಕಂಡಿದ್ದೇನೆ. ಆಮೇಲೆ ಊಟ ಕಡಿಮೆಯಾಗುತ್ತದೆ, ನಿದ್ದೆ ಹೋಗುತ್ತದೆ, ನಾವು ಹೋಗಿ ರಕ್ತಪರೀಕ್ಷೆ ಮಾಡಿಸಿ ಎನ್ನುತ್ತೇವೆ.

2007ರ ಹಿರಿಯ ನಾಗರಿಕರ ಕಾಯ್ದೆಯನ್ನು ವಿದ್ಯಾರ್ಥಿಗಳಿಗೆ ಓದಿಸುವುದು ಇದಕ್ಕೇ. ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಬಹುದು, ವಕೀಲರು ಬೇಕಿಲ್ಲ, ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. 23ನೇ ಕಲಮಿನಡಿ ದಾನಪತ್ರವನ್ನೇ ರದ್ದು ಮಾಡಿಸಬಹುದು. ಆದರೆ ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟದ್ದಾಗಿರಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. 2025ರ ಜನವರಿಯ ಇನ್ನೊಂದು ತೀರ್ಪು ಈ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಎಂದಿತು. ನನ್ನ ಸಲಹೆ ಸರಳ: ಪತ್ರ ಬರೆಯುವಾಗಲೇ ಷರತ್ತಿನ ಆ ಒಂದು ಸಾಲು ಸೇರಿಸಿ. ಬರೆದಾದ ಮೇಲೆ ಬಂದವರು ನನಗೆ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ಹೆತ್ತ ಮಗನ ಮೇಲೆ ಕೇಸ್ ಹಾಕ್ಲಾ ತಾಯಿ?"

ಹೊಲವೂ ಇಲ್ಲದವರಿಗೆ ಸಂಧ್ಯಾ ಸುರಕ್ಷಾ ಇದೆ, ಅರವತ್ತೈದು ದಾಟಿದ ಬಡವರಿಗೆ ತಿಂಗಳಿಗೆ 1,200 ರೂಪಾಯಿ. ಕಾರ್ಖಾನೆಯಲ್ಲಿ ದುಡಿದವರ ಭವಿಷ್ಯನಿಧಿ ಪಿಂಚಣಿಯ ಕನಿಷ್ಠ ಮೊತ್ತ 2014ರಿಂದ 1,000. ಅದನ್ನು ಪಡೆಯಲು ವರ್ಷಕ್ಕೊಮ್ಮೆ ಬದುಕಿದ್ದೇನೆಂದು ತೋರಿಸಬೇಕು, ಯಂತ್ರದ ಮೇಲೆ ಬೆರಳಿಟ್ಟು. ಜೀವಮಾನವಿಡೀ ಕಬ್ಬಿಣ ಉಜ್ಜಿದ ಬೆರಳಲ್ಲಿ ಗೆರೆ ಎಲ್ಲಿಂದ ಬರಬೇಕು? ಒಬ್ಬರು ನಾಲ್ಕು ಸಲ ಅಲೆದು ಸೋತು ಕೂತಿದ್ದರು. 2022ರಿಂದ ಮೊಬೈಲ್‌ನಲ್ಲಿ ಮುಖ ತೋರಿಸಿದರೂ ಆಗುತ್ತದೆ. ಇದನ್ನು ಅಂಥವರ ಮನೆಗೇ ಹೋಗಿ ಮಾಡಿಕೊಡಿ, ಐದು ನಿಮಿಷದ ಕೆಲಸ.

7. ಅರವತ್ತರವರೆಗೆ ಕಾಯಬೇಡಿ.

ಎಂಬತ್ತರ ಅಜ್ಜಿಯನ್ನೂ ಮೂವತ್ತರ ಮೊಮ್ಮಗಳನ್ನೂ ಪಕ್ಕದಲ್ಲಿ ಕೂರಿಸಿ ಹೋಲಿಸಿದರೆ ಕಾಣುವುದೆಲ್ಲ ಮುಪ್ಪಲ್ಲ. ಒಬ್ಬರು ಶಾಲೆಯ ಮುಖ ನೋಡಿಲ್ಲ, ಬರಗಾಲ ಕಂಡಿದ್ದಾರೆ. ಇನ್ನೊಬ್ಬಳು ಎಂಜಿನಿಯರ್. ಮುಪ್ಪು ಕಾಣಬೇಕಾದರೆ ಒಬ್ಬರನ್ನೇ ವರ್ಷಾನುಗಟ್ಟಲೆ ಹಿಂಬಾಲಿಸಬೇಕು. ಯಶವಂತಪುರದ ಪಕ್ಕದಲ್ಲೇ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಮಾಡುತ್ತಿರುವುದು ಅದನ್ನೇ. ಮಾವಿಗೆ ಹೆಸರಾದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 10,000 ಜನರನ್ನು ಮತ್ತೆ ಮತ್ತೆ ಪರೀಕ್ಷಿಸುವ ಗುರಿ ಅದರದ್ದು. ಅಲ್ಲಿ ಸೇರಿಸಿಕೊಳ್ಳುವ ವಯಸ್ಸು 45ರಿಂದ ಶುರು.

ಹಾಗಾಗಿ ಈ ವರ್ಷ ವಿದ್ಯಾರ್ಥಿಗಳು ಮೊದಲ ಅಳತೆಯನ್ನು ನನ್ನ ಮೇಲೆಯೇ ಮಾಡಿದರು. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರುವುದು. ಹನ್ನೆರಡು ಸೆಕೆಂಡ್ ದಾಟಿದರೆ ಬೀಳುವ ಅಪಾಯವಿದೆ ಎಂದರ್ಥ. ನನಗೀಗ ಐವತ್ತೆರಡು, ನನ್ನದು ಒಂಬತ್ತು ಸೆಕೆಂಡ್. ತಾರೀಖು ಹಾಕಿ ಬರೆದಿಟ್ಟಿದ್ದೇನೆ, ಮುಂದಿನ ವರ್ಷ ಮತ್ತೆ ನಡೆಯಬೇಕು.