ತಂಪು ಕಾಫಿಯೂ ಮಂಜುಗಡ್ಡೆಯ ನೀರೂ

ಚಿಕ್ಕಮಗಳೂರು, ಕೊಡಗು, ಹಾಸನಗಳ ತೋಟದ ಕಾಫಿಯನ್ನು ಫಿಲ್ಟರಿನಲ್ಲಿ ಇಳಿಸಿ ಹಬೆಯಾಡುವಂತೆ ಕುಡಿಯುವುದು ನಮ್ಮವರ ರೂಢಿ. ಆದರೆ ಏಪ್ರಿಲ್-ಮೇ ತಿಂಗಳ ಸೆಕೆಯಲ್ಲಿ, ಲೋಕಲ್ ರೈಲಿನ ನೂಕುನುಗ್ಗಲನ್ನು ದಾಟಿ ಥಾಣೆ, ಡೊಂಬಿವಲಿ, ಕಲ್ಯಾಣಗಳ ಮನೆ ಸೇರಿದವರಿಗೆ ಅದೇ ಕಾಫಿ ತಣ್ಣಗೆ ದೊರೆತರೆ ಹಿತವೆನಿಸುತ್ತದೆ. ಮಾಡುವುದು ಕಷ್ಟವಲ್ಲ. ಅದರಲ್ಲಿ ತೇಲುವ ಮಂಜುಗಡ್ಡೆ ಯಾವ ನೀರಿನದು ಎಂಬುದೇ ವಿಚಾರಾರ್ಹ.

ಬಿಸಿ ಕಾಫಿಯಲ್ಲಿ ನೀರೂ ಹಾಲೂ ಕುದಿದೇ ಲೋಟಕ್ಕೆ ಬರುತ್ತವೆ. ತಂಪು ಕಾಫಿಯಲ್ಲಿ ಈ ರಕ್ಷಣೆ ಕೊನೆಯ ಗಳಿಗೆಯಲ್ಲಿ ತಪ್ಪಿಹೋಗುತ್ತದೆ. ಶೈತ್ಯದಲ್ಲಿ ರೋಗಾಣುಗಳು ಸಾಯುತ್ತವೆಂದು ಅನೇಕರು ನಂಬಿದ್ದಾರೆ, ಅದು ನಿಜವಲ್ಲ. ವಿಷಮಶೀತಜ್ವರದ ರೋಗಾಣುಗಳೂ ಕಾಮಾಲೆಯನ್ನು ತರುವ ಹೆಪಟೈಟಿಸ್ ‘ಎ’ ವೈರಸ್ಸೂ ಮಂಜುಗಡ್ಡೆಯೊಳಗೆ ಬದುಕಿ ಉಳಿಯಬಲ್ಲವು. ಪಾಲಿಕೆಯವರು ಶುದ್ಧೀಕರಿಸಿ ಕಳುಹಿಸಿದ ನೀರೇ ಆದರೂ, ಸರಬರಾಜು ನಿಂತಾಗ ಕೊಳವೆಯ ಒತ್ತಡ ಇಳಿದು, ಬಿರುಕುಗಳಿಂದ ಕೊಳೆನೀರು ಒಳಸೇರುವುದುಂಟು. ಸೊಸೈಟಿಯ ನೆಲದಡಿಯ ಟಾಂಕಿಯನ್ನು ತೊಳೆದು ಎಷ್ಟು ತಿಂಗಳಾಯಿತೋ, ಅದೂ ಒಂದು ಪ್ರಶ್ನೆ!

ಪೇಟೆಯ ಮಂಜುಗಡ್ಡೆಯಂತೂ ಬೇಡ. ಮೀನನ್ನೂ ಇತರ ಸರಕನ್ನೂ ಕೆಡದಂತೆ ಇಡಲು ಬಳಸುವ ಮಂಜುಗಡ್ಡೆ ಪಾನೀಯಗಳಿಗೆ ಸೇರುವುದನ್ನು ತಡೆಯಲೆಂದೇ, ತಿನ್ನಲು ಯೋಗ್ಯವಲ್ಲದ ಮಂಜುಗಡ್ಡೆಗೆ ನೀಲಿ ಬಣ್ಣ ಬೆರೆಸಬೇಕೆಂದು ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತವು 2018ರಲ್ಲಿ ಆದೇಶಿಸಿತು. ಬಣ್ಣವಿಲ್ಲದ ಮಾತ್ರಕ್ಕೆ ಅದು ಶುದ್ಧವೆಂದು ಭಾವಿಸಲಾಗದು.

ಆದುದರಿಂದ ನೀರನ್ನು ಒಂದು ನಿಮಿಷ ಚೆನ್ನಾಗಿ ಮರಳಿಸಿ, ಮುಚ್ಚಿಟ್ಟು ಆರಿಸಿ, ತೊಳೆದ ತಟ್ಟೆಯಲ್ಲಿ ಮಂಜು ಕಟ್ಟಿಸಬೇಕು. ತಟ್ಟೆಗೆ ಮುಚ್ಚಳವಿರಲಿ, ಬಂಗುಡೆಯ ಪಕ್ಕದಲ್ಲಿ ತೆರೆದಿಟ್ಟ ಮಂಜುಗಡ್ಡೆ ಕಾಫಿಗೆ ಬೇರೆಯೇ ಪರಿಮಳವನ್ನು ಕೊಡುತ್ತದೆ.

ಇಬ್ಬರಿಗೆ ನಾಲ್ಕು ದೊಡ್ಡ ಚಮಚ ಪುಡಿಗೆ ಸುಮಾರು 150 ಮಿಲಿಲೀಟರ್ ಕುದಿನೀರು ಹೊಯ್ದು ಗಟ್ಟಿ ಡಿಕಾಕ್ಷನ್ ಇಳಿಸಿರಿ. ಸಕ್ಕರೆಯನ್ನು ಡಿಕಾಕ್ಷನ್ ಬಿಸಿಯಿರುವಾಗಲೇ ಕರಗಿಸಬೇಕು. ತಣ್ಣನೆಯದರಲ್ಲಿ ಅದು ಸರಿಯಾಗಿ ಕರಗದು. ನಾಲಿಗೆಗೂ ಸಿಹಿ ಮಂದವಾಗಿ ತೋರುವುದರಿಂದ ಮತ್ತೆರಡು ಚಮಚ ಸುರಿಯುವ ಮನಸ್ಸಾಗುತ್ತದೆ. ಮಧುಮೇಹವುಳ್ಳವರು ಇದನ್ನು ವಿಶೇಷವಾಗಿ ಗಮನಿಸಬೇಕು. ಬಿಸಿ ಡಿಕಾಕ್ಷನ್ನನ್ನು ನೇರವಾಗಿ ಮಂಜುಗಡ್ಡೆಯ ಮೇಲೆ ಸುರಿಯಬೇಡಿರಿ. ಒಂದು ಗ್ರಾಂ ಮಂಜುಗಡ್ಡೆ ಕರಗುವಾಗ ಹೀರಿಕೊಳ್ಳುವ ಶಾಖ ಸುಮಾರು 80 ಕ್ಯಾಲೊರಿ. ಅಂದರೆ 80 ಡಿಗ್ರಿ ಸೆಂಟಿಗ್ರೇಡಿನ 100 ಗ್ರಾಂ ಡಿಕಾಕ್ಷನ್ ಸೊನ್ನೆ ಡಿಗ್ರಿಗೆ ಇಳಿಯಲು ಸುಮಾರು 100 ಗ್ರಾಂ ಮಂಜುಗಡ್ಡೆ ಕರಗಬೇಕು. ಕಾಫಿ ಅರ್ಧಕ್ಕರ್ಧ ನೀರಾಯಿತು! ಮೊದಲು ಆರಿಸಿ, ಫ್ರಿಜ್ಜಿನಲ್ಲಿಟ್ಟು, ಕಾಯಿಸಿ ತಣಿಸಿದ ಹಾಲು ಒಂದೂವರೆ ಲೋಟ ಬೆರೆಸಿ, ಬಿಗಿ ಮುಚ್ಚಳದ ಜಾಡಿಯಲ್ಲಿ ಕುಲುಕಿದರೆ ನೊರೆ ಬರುತ್ತದೆ. ಮಂಜುಗಡ್ಡೆ ಕಡೆಗೆ.

ಪುಡಿಯನ್ನು ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ ಸೋಸುವ ಪದ್ಧತಿಯೂ ಈಚೆಗೆ ಬಂದಿದೆ. ಅದರಲ್ಲಿ ನೀರು ಕುದಿಯುವ ಹಂತವೇ ಇಲ್ಲ; ಆದ್ದರಿಂದ ಕಾಯಿಸಿ ಆರಿಸಿದ ನೀರನ್ನೇ ಬಳಸಿ, ಫ್ರಿಜ್ಜಿನೊಳಗೇ ನೆನೆಸಬೇಕು.

ತಂಪಾದ ಮಾತ್ರಕ್ಕೆ ಕೆಫೀನ್ ಕಡಿಮೆಯಾಗದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ 150 ಮಿಲಿಲೀಟರ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನ್ ಇರುತ್ತದೆ. ದಿನದ ಮಿತಿ 300 ಮಿಲಿಗ್ರಾಂ. ಊಟಕ್ಕೆ ಮುಂಚೆ ಒಂದು ಗಂಟೆ, ಅನಂತರ ಒಂದು ಗಂಟೆ ಕಾಫಿ ಬೇಡವೆಂದೂ ಅದು ಹೇಳುತ್ತದೆ, ಏಕೆಂದರೆ ಕಾಫಿಯು ಆಹಾರದಲ್ಲಿನ ಕಬ್ಬಿಣಾಂಶ ರಕ್ತಕ್ಕೆ ಸೇರುವುದನ್ನು ತಡೆಯುತ್ತದೆ. ರಕ್ತಹೀನತೆಯಿರುವ ಹೆಂಗಸರು ಇದನ್ನು ಮರೆಯಬಾರದು.

ಕಚೇರಿಗೆ ಒಯ್ಯುವವರು ಹಾಲು ಬೆರೆಸಿದ ಕಾಫಿಯನ್ನು ಬಾಟಲಿಯಲ್ಲಿ ತುಂಬಿಕೊಳ್ಳದಿರುವುದು ಲೇಸು. ಡೊಂಬಿವಲಿಯಿಂದ ಸಿ.ಎಸ್.ಎಂ.ಟಿ. ತಲಪುವುದರೊಳಗೆ ಬೇಸಿಗೆಯಲ್ಲಿ ಹಾಲು ಕೆಡಲಾರಂಭಿಸಬಹುದು. ಬರಿಯ ಡಿಕಾಕ್ಷನ್ನಿಗೆ ಮಂಜುಗಡ್ಡೆ ಹಾಕಿ ಥರ್ಮಾಸಿನಲ್ಲಿ ಕೊಂಡೊಯ್ದು, ಹಾಲನ್ನು ಅಲ್ಲಿಯೇ ತಾಜಾ ತರಿಸಿ ಕಾಯಿಸಿ ಬೆರೆಸಿಕೊಳ್ಳಬಹುದು.