ದೂರದ ಈಡಿಗೆ ಯಾವ ಅಳತೆಯ ರೈಫಲ್?

ನಮ್ಮ ಪತ್ರಿಕೆಯನ್ನು ತರಿಸಿಕೊಳ್ಳುವ ಹಿಪ್ಪರಗಿ ಕಡೆಯ ಓದುಗರೊಬ್ಬರು ಪತ್ರ ಬರೆದು, ದೊಡ್ಡ ಪ್ರಾಣಿಯ ದೂರದ ಈಡಿಗೆ ಯಾವ ಕ್ಯಾಲಿಬರ್ ತಕ್ಕುದು ಎಂದು ಕೇಳಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಶಿಕಾರಿ ನಮ್ಮಲ್ಲಿ ಮುಗಿದ ಕಥೆ. ಆದರೆ ಹಿರಿಯರಿಂದ ಬಂದ ರೈಫಲ್ಲುಗಳೂ ಬೆಳೆರಕ್ಷಣೆಯ ಕೋವಿಗಳೂ ಅನೇಕ ಸದಸ್ಯರ ಮನೆಗಳಲ್ಲಿ ಇನ್ನೂ ಇವೆ. ಅವು ಏನು ಮಾಡಬಲ್ಲವು ಎಂಬುದನ್ನು ಇಟ್ಟುಕೊಂಡವರು ತಿಳಿದಿರಲೇಬೇಕು.

ಮೊದಲು ಹೆಸರಿನ ಗೊಂದಲ. 12 ಬೋರ್ ಎಂದರೆ ಅಂಗುಲದ ಲೆಕ್ಕವಲ್ಲ. ಒಂದು ಪೌಂಡು ಸೀಸದಿಂದ ಸಮನಾದ 12 ಗುಂಡು ಮಾಡಿದರೆ, ಅದರಲ್ಲೊಂದು ಹಿಡಿಸುವ ನಳಿಗೆ. ರೈಫಲ್ಲಿನ .375 ಎಂಬುದು ಅಂಗುಲದ ಸಾವಿರ ಭಾಗದಲ್ಲಿ 375. ಇದೂ ಯಾವಾಗಲೂ ನಿಜವಲ್ಲ. .303ರ ಗುಂಡು .311ರಷ್ಟು ದಪ್ಪ. .275 ರಿಗ್ಬಿ ಮತ್ತು ಜರ್ಮನಿಯ 7 ಮಿಲಿಮೀಟರ್ ಮೌಸರ್ ಎರಡೂ ಒಂದೇ ತೋಟಾದ ಎರಡು ಹೆಸರು. ಆದ್ದರಿಂದ ನಳಿಗೆಯ ಮೇಲೆ ಕೊರೆದದ್ದನ್ನು ಪೂರ್ತಿ ಓದಿ, ಅದೇ ತೋಟಾ ಕೊಳ್ಳಬೇಕು. "ಸುಮಾರಾಗಿ ಹೊಂದುತ್ತದೆ" ಎನ್ನುವ ಅಂಗಡಿಯವನ ಮಾತು ಕೇಳಬಾರದು.

ಇನ್ನು ಗುಂಡಿನ ಬಲ. ತೂಕ ಇಮ್ಮಡಿಯಾದರೆ ಶಕ್ತಿ ಇಮ್ಮಡಿ. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಕು ಪಟ್ಟು. ಹಾಗೆಂದು ವೇಗವೊಂದನ್ನೇ ನೆಚ್ಚಲಾಗದು. ಹಗುರವಾದ ಗುಂಡು ಕಾಟಿಯ ಹೆಗಲ ಮೂಳೆಗೆ ತಾಗಿ ಒಡೆದು ಹೋದೀತು. ಒಳಗೆ ಇಳಿಯಲು ತೂಕವೂ ಗಟ್ಟಿ ಕವಚವೂ ಬೇಕು. 1912ರಲ್ಲಿ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ ತಂದ .375 ಮ್ಯಾಗ್ನಮ್ ಹೆಸರು ಗಳಿಸಿದ್ದು ಈ ಎರಡನ್ನೂ ಕೂಡಿಸಿದ್ದರಿಂದ. 300 ಗ್ರೇನ್ ತೂಕದ ಗುಂಡು ಸೆಕೆಂಡಿಗೆ ಸುಮಾರು 2500 ಅಡಿ ವೇಗದಲ್ಲಿ ಹೊರಡುತ್ತದೆ. ಅದಕ್ಕೂ 200 ಗಜಕ್ಕೆ ಗುರಿ ಕೂಡಿಸಿದರೆ 300 ಗಜದಲ್ಲಿ ಗುಂಡು ಸುಮಾರು ಒಂದಡಿ ಕೆಳಗಿಳಿದಿರುತ್ತದೆ. ಗಾಳಿ ಪಕ್ಕಕ್ಕೆ ತಳ್ಳುವುದು ಬೇರೆ. ಆಷಾಢದಲ್ಲಿ ಕೃಷ್ಣೆಯ ದಂಡೆಯ ಮೇಲೆ ನಿಂತವರಿಗೆ ಆ ಗಾಳಿಯನ್ನು ವಿವರಿಸಬೇಕಾಗಿಲ್ಲ.

ನೆಲಕ್ಕೆ ತಕ್ಕ ರೈಫಲ್ ಎಂಬುದೇ ಹಳಬರ ಲೆಕ್ಕ. ನಮ್ಮ ಕಾಫಿ ಕಾಡಿನಲ್ಲಿ 50 ಗಜ ಕಂಡರೆ ಹೆಚ್ಚು. ಅಲ್ಲಿ ನಿಧಾನವಾದ ದಪ್ಪ ಗುಂಡೇ ಸಾಕು. ಬೆಂಗಳೂರಿನ ಕೆನೆತ್ ಆಂಡರ್ಸನ್ 1904ರಲ್ಲಿ ಬಂದ .405 ವಿಂಚೆಸ್ಟರನ್ನೇ ನೆಚ್ಚಿಕೊಂಡಿದ್ದರು. ಜಮಖಂಡಿ, ಮುಧೋಳದ ಎರೆಭೂಮಿಯ ಬಯಲು ಬೇರೆ. ಚಿಗರಿ ದೂರದಿಂದಲೇ ಮನುಷ್ಯನನ್ನು ಕಂಡು ಓಡುತ್ತದೆ, ಅಂಥ ಕಡೆಗೆ.275ರಂಥ ಸಣ್ಣ, ನೇರವಾಗಿ ಹೋಗುವ ಗುಂಡು ತಕ್ಕುದೆನಿಸಿತ್ತು. ಕಾರ್ಬೆಟ್ 1926ರಲ್ಲಿ ರುದ್ರಪ್ರಯಾಗದ ನರಭಕ್ಷಕ ಚಿರತೆಯನ್ನು ಕೊಂದದ್ದೂ .275ರಿಂದಲೇ. ಆದರೆ ಅದು ಅವರ ಕೈಗುಣ; ಸಾಮಾನ್ಯರಿಗೆ ಮೇಲ್ಪಂಕ್ತಿಯಲ್ಲ. ಎಷ್ಟೋ ನರಭಕ್ಷಕಗಳು ಹಾಗಾದದ್ದು ಯಾರದೋ ತಪ್ಪು ಈಡಿನ ಗಾಯದಿಂದ ಎಂದು ಬರೆದವರೂ ಅವರೇ.

ಅಳತೆಯನ್ನು ನಿರ್ಧರಿಸಿದ್ದು ಬೇಟೆಗಾರನೊಬ್ಬನೇ ಅಲ್ಲ, ಸರಕಾರವೂ ಹೌದು. ಹಳೆಯ ಮಾರ್ಟಿನಿ ಬಂದೂಕುಗಳಿಗೆ ಮದ್ದುಗುಂಡು ಸಿಗಬಾರದೆಂದು ಬ್ರಿಟಿಷರು 1907ರ ಸುಮಾರಿಗೆ ಇಂಡಿಯಾದಲ್ಲಿ .450 ಅಳತೆಯನ್ನು ನಿಷೇಧಿಸಿದರು, ಲಂಡನ್ನಿನ ತಯಾರಕರು.465, .470 ಎಂದು ಹೊಸ ಅಳತೆಗಳನ್ನೇ ಹುಟ್ಟಿಸಿದರು. .303 ಸೈನ್ಯದ ಅಳತೆಯಾದ್ದರಿಂದ ನಾಗರಿಕರಿಗಾಗಿ ಇಶಾಪುರದಲ್ಲಿ .315 ತಯಾರಾಯಿತು. ಅದು ನಿಧಾನದ ಗುಂಡು. 150 ಗಜ ದಾಟಿದರೆ ಬೇಗ ಇಳಿಯುತ್ತದೆ. ಆಯುಧ ಕೊಡಿ ಎಂದಾಗ ಒಲ್ಲೆವೆಂದ ಮುಧೋಳ ಸೀಮೆಯ ಹಲಗಲಿಯ ಬೇಡರು 1857ರಲ್ಲಿ ತೆತ್ತ ಬೆಲೆಯನ್ನು ಆ ಕಡೆಯ ಓದುಗರಿಗೆ ನಾವು ಹೇಳುವ ಅಗತ್ಯವಿಲ್ಲ.

ಈಗ ಪತ್ರದ ಪ್ರಶ್ನೆಗೆ ಬರೋಣ. ದೂರದ ರೈಫಲ್ ಹಿಪ್ಪರಗಿಗೆ ಬೇಡವೆಂದೇ ನಮ್ಮ ಅಭಿಪ್ರಾಯ. ಗುರಿ ತಪ್ಪಿದ ಗುಂಡು ಮೂರು ಕಿಲೋಮೀಟರಿಗೂ ಆಚೆ ಹೋಗಬಲ್ಲದು. ಮಲೆನಾಡಿನಲ್ಲಾದರೆ ಗುಡ್ಡವೋ ಮರವೋ ತಡೆದೀತು, ಅಲ್ಲಿ ತಡೆಯುವುದೇನು? ಕಬ್ಬಿನೊಳಗೆ ಹಂದಿಯಿದ್ದರೆ ಅದರಾಚೆ ಕಬ್ಬು ಕಡಿಯುವ ಗ್ಯಾಂಗಿನವರಿರುತ್ತಾರೆ, ಅವರ ಗುಡಿಸಲು, ಮಕ್ಕಳು ಇರುತ್ತವೆ. ಬ್ಯಾರೇಜಿನ ಹಿನ್ನೀರಿನ ಮೇಲೆ ಓರೆಯಾಗಿ ಬಿದ್ದ ಗುಂಡು ಮುಳುಗುವುದಿಲ್ಲ, ಪುಟಿದು ಮುಂದೆ ಹಾರುತ್ತದೆ. ಇನ್ನು ಬೀಳಗಿ, ಮುಧೋಳದ ನಡುವಿನ ಯಡಹಳ್ಳಿ ಕಾಡು ಈಗ ಚಿಂಕಾರಗಳ ಅಭಯಾರಣ್ಯ. ಅಲ್ಲಿ ಬಂದೂಕಿನ ಮಾತೇ ಇಲ್ಲ.

ಹಂದಿಯ ಕಾಟ ನಿಜ, ನಷ್ಟವೂ ನಿಜ. ಅದಕ್ಕೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಮೊದಲು. ಲೈಸೆನ್ಸ್ ಇದ್ದ ಮಾತ್ರಕ್ಕೆ ಹೊಡೆಯುವ ಹಕ್ಕು ಬರುವುದಿಲ್ಲ. ಅನುಮತಿ ದೊರೆತರೂ 12 ಬೋರ್ ಕೋವಿಯೇ ಸಾಕು. ನೆಲದಿಂದ ಎರಡಾಳು ಎತ್ತರದ ಅಟ್ಟಣೆ ಕಟ್ಟಿ, 30 ಗಜದೊಳಗೆ ಬರುವವರೆಗೆ ಕಾದು, ಕೆಳಮುಖವಾಗಿ ಹೊಡೆಯಬೇಕು. ತಪ್ಪಿದ ಗುಂಡು ಮಣ್ಣಿಗೆ ಹೋಗುತ್ತದೆ. ಅಕ್ಕಪಕ್ಕದ ಹೊಲದವರಿಗೂ ಕಬ್ಬಿನ ಗ್ಯಾಂಗಿನ ಮುಕಾದಮನಿಗೂ ಹಿಂದಿನ ದಿನವೇ ತಿಳಿಸಿರಬೇಕು.