ಅನ್ನಕ್ಕೆ ಹೆದರುವುದು ಏಕೆ? ಆ ಹೆದರಿಕೆ ಹೋಗುವುದು ಹೇಗೆ?



ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ನಾನು ಬರೆಯುತ್ತಿರುವ ವಿಷಯ ನಮ್ಮ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಆದರೂ ಕಲಿಯಬೇಕಾಯಿತು. ನನ್ನ ಖಾಲಾ ಮಗಳು ಓದಿಗಾಗಿ ಹುಬ್ಬಳ್ಳಿಗೆ ಬಂದು ನಮ್ಮ ಮನೆಯಲ್ಲೇ ಇದ್ದಾಳೆ. ಅವಳನ್ನು ನಾನು ಆಪಾ ಎನ್ನುತ್ತೇನೆ. ಹೋದ ವರ್ಷ ಅವಳು ಮೊದಲು ಸಿಹಿ ಬಿಟ್ಟಳು, ಆಮೇಲೆ ಎಣ್ಣೆ ಬಿಟ್ಟಳು, ಆಮೇಲೆ ಅನ್ನ ಬಿಟ್ಟಳು. ಕೊನೆಗೆ ದಸ್ತರ್‌ಖಾನ್ ಹಾಸಿದರೆ ಸಾಕು, ತಲೆನೋವು ಎಂದು ಹೇಳಿ ಕೋಣೆಗೆ ಹೋಗಿಬಿಡುತ್ತಿದ್ದಳು.

ಮನೆಯಲ್ಲಿ ಎಲ್ಲರೂ ತಮಗೆ ತಿಳಿದ ಔಷಧ ಮಾಡಿದರು. ಅಮ್ಮಿ “ಥೋಡಾ ಖಾಲೇ ಬೇಟಾ” ಎಂದು ಬೇಡಿಕೊಂಡರು. ಅಬ್ಬಾ “ಎಷ್ಟೋ ಜನರಿಗೆ ಒಂದು ತುತ್ತು ಸಿಗುವುದಿಲ್ಲ, ನೀನು ತಟ್ಟೆ ಸರಿಸುತ್ತೀಯಲ್ಲ” ಎಂದು ಬೈದರು. ನಾನಿ ನಜರ್ ತೆಗೆದರು. ನಾನು “ಹೀರೋಯಿನ್ ಆಗೋಕೆ ಹೊರಟಿದ್ದೀಯಾ?” ಎಂದು ನಕ್ಕೆ. ಆ ಮಾತಿಗೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ. ಅವಳಿಗೆ ಇದ್ದದ್ದು ಹಟವಲ್ಲ, ಕಾಯಿಲೆ. ಈಗ ಚಿಕಿತ್ಸೆ ನಡೆಯುತ್ತಿದೆ, ಸುಧಾರಿಸುತ್ತಿದ್ದಾಳೆ. “ಬರಿ, ಉಳಿದವರಿಗೂ ಗೊತ್ತಾಗಲಿ. ನನ್ನ ಹೆಸರು ಮಾತ್ರ ಬೇಡ” ಎಂದು ಅವಳೇ ಒಪ್ಪಿಗೆ ಕೊಟ್ಟ ಮೇಲೆ ಇದನ್ನು ಬರೆದಿದ್ದೇನೆ.

ಇದು ಹೊಸ ಕಾಯಿಲೆಯಲ್ಲ, ಹೊರದೇಶದ್ದೂ ಅಲ್ಲ

ಊಟದ ಸುತ್ತ ಹುಟ್ಟುವ ಇಂಥ ಮಾನಸಿಕ ಕಾಯಿಲೆಗಳಿಗೆ ಒಟ್ಟಾಗಿ ಈಟಿಂಗ್ ಡಿಸಾರ್ಡರ್ ಎನ್ನುತ್ತಾರೆ. 1873ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಗಲ್ ಮತ್ತು ಪ್ಯಾರಿಸ್ಸಿನ ವೈದ್ಯ ಶಾರ್ಲ್ ಲಾಸೆಗ್ ಊಟ ಬಿಟ್ಟು ಸೊರಗುತ್ತಿದ್ದ ಯುವತಿಯರ ಬಗ್ಗೆ ಬೇರೆ ಬೇರೆಯಾಗಿ ವಿವರಿಸಿದರು. ಅನೊರೆಕ್ಸಿಯಾ ನರ್ವೋಸಾ ಎಂಬ ಹೆಸರು ಕೊಟ್ಟವರು ಗಲ್. ಒಮ್ಮೆಗೇ ತುಂಬಾ ತಿಂದು ಆಮೇಲೆ ಅದನ್ನು ಹೊರಹಾಕಲು ಒದ್ದಾಡುವ ಬುಲಿಮಿಯಾ ಎಂಬ ಕಾಯಿಲೆಯನ್ನು 1979ರಲ್ಲಿ ಜೆರಾಲ್ಡ್ ರಸೆಲ್ ಗುರುತಿಸಿದರು. ದಪ್ಪಗಾಗುವ ಚಿಂತೆಯೇ ಇಲ್ಲದೆ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಅಥವಾ ವಾಂತಿಯಾಗುತ್ತದೆ ಎಂಬ ಭಯದಿಂದ ಊಟ ಬಿಡುವವರೂ ಇದ್ದಾರೆ. ಅದಕ್ಕೆ 2013ರಲ್ಲಿ ಆರ್ಫಿಡ್ ಎಂಬ ಪ್ರತ್ಯೇಕ ಹೆಸರು ಬಂತು.

ನಮ್ಮ ದೇಶದಲ್ಲಿ ಇದು ಇಲ್ಲ ಎಂದು ತುಂಬಾ ಜನ ತಿಳಿದಿದ್ದಾರೆ. 1995ರಲ್ಲೇ ದೆಹಲಿಯ ಏಮ್ಸ್ ವೈದ್ಯರು ಐವರು ಯುವತಿಯರ ಬಗ್ಗೆ ಬರೆದರು. ಅವರು ಊಟ ನಿರಾಕರಿಸುತ್ತಿದ್ದರು, ಪದೇ ಪದೇ ವಾಂತಿಯಾಗುತ್ತಿತ್ತು, ತುಂಬಾ ಇಳಿದುಹೋಗಿದ್ದರು. ಆದರೆ ವಿದೇಶದ ಪುಸ್ತಕಗಳಲ್ಲಿ ಬರೆದಂತೆ ತಮ್ಮ ದೇಹದ ಆಕಾರದ ಬಗ್ಗೆ ತಪ್ಪು ಕಲ್ಪನೆ ಅವರಲ್ಲಿ ಕಾಣಲಿಲ್ಲ. 2012ರಲ್ಲಿ ನಿಮ್ಹಾನ್ಸ್‌ನ ಡಾ. ಪ್ರಭಾ ಚಂದ್ರ ಮತ್ತು ಅವರ ಜೊತೆಯವರು ಪ್ರಕಟಿಸಿದ ಸಮೀಕ್ಷೆಯಲ್ಲಿ, ಉತ್ತರ ಕೊಟ್ಟ ಬೆಂಗಳೂರಿನ ಮನೋವೈದ್ಯರಲ್ಲಿ ಸುಮಾರು ಮೂರರಲ್ಲಿ ಎರಡು ಭಾಗದವರು ಇಂಥ ಒಬ್ಬ ರೋಗಿಯನ್ನಾದರೂ ನೋಡಿದ್ದೇವೆ ಎಂದಿದ್ದರು. ಹಾಗಾಗಿ “ಗ್ಯಾಸ್ಟ್ರಿಕ್”, “ಹಸಿವಿಲ್ಲ”, “ಪರೀಕ್ಷೆ ಟೆನ್ಷನ್” ಎಂಬ ಮಾತುಗಳ ಹಿಂದೆ ಈ ಕಾಯಿಲೆ ಅಡಗಿರಬಹುದು. ಇದು ಹುಡುಗರಿಗೂ ಬರುತ್ತದೆ.

ಹಸಿವು ಮನಸ್ಸನ್ನೇ ಬದಲಿಸುತ್ತದೆ

ಆಪಾ ಊಟ ಮಾಡುತ್ತಿರಲಿಲ್ಲ, ಆದರೆ ದಿನವಿಡೀ ಮೊಬೈಲಿನಲ್ಲಿ ಅಡುಗೆ ವಿಡಿಯೋ ನೋಡುತ್ತಿದ್ದಳು. ನಮಗಾಗಿ ಬಿರಿಯಾನಿ ಮಾಡಿ ತಾನು ಮುಟ್ಟುತ್ತಿರಲಿಲ್ಲ. ಇದು ನಾಟಕ ಎಂದು ನನಗೆ ಅನ್ನಿಸಿತ್ತು. ಅಲ್ಲ ಎಂದು ತಿಳಿದದ್ದು ಒಂದು ಹಳೆಯ ಪ್ರಯೋಗದ ಬಗ್ಗೆ ಓದಿದಾಗ.

ಎರಡನೆಯ ಮಹಾಯುದ್ಧದ ಕೊನೆಯ ಹೊತ್ತಿಗೆ, 1944-45ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಯುವಕರ ಮೇಲೆ ಒಂದು ಅಧ್ಯಯನ ನಡೆಸಿದರು. ಎಲ್ಲರೂ ಆರೋಗ್ಯವಂತರು, ತಾವಾಗಿಯೇ ಒಪ್ಪಿ ಬಂದವರು. ಆರು ತಿಂಗಳು ಅವರ ಊಟವನ್ನು ಸುಮಾರು ಅರ್ಧಕ್ಕೆ ಇಳಿಸಲಾಯಿತು. ಅವರಿಗೆ ದಪ್ಪಗಾಗುವ ಭಯವೇನೂ ಇರಲಿಲ್ಲ. ಆದರೂ ಹಗಲು ರಾತ್ರಿ ಊಟದ ಯೋಚನೆ ಹತ್ತಿತು. ಕೆಲವರು ಅಡುಗೆ ಪುಸ್ತಕ ಓದತೊಡಗಿದರು. ತಟ್ಟೆಯ ಮುಂದೆ ಬಹಳ ಹೊತ್ತು ಕೂರುತ್ತಿದ್ದರು. ಸಿಡುಕು ಹೆಚ್ಚಾಯಿತು, ಚಳಿ ತಡೆಯುತ್ತಿರಲಿಲ್ಲ, ಗೆಳೆಯರ ಜೊತೆ ಸೇರುವುದು ಬೇಡವಾಯಿತು. ಅಂದರೆ ಇಂಥ ಎಷ್ಟೋ ವರ್ತನೆಗಳು ವ್ಯಕ್ತಿಯ ಸ್ವಭಾವವಲ್ಲ, ಹಸಿದ ಮೆದುಳು ಮಾಡಿಸುವ ಕೆಲಸ. ಆದ್ದರಿಂದಲೇ ಹೊಟ್ಟೆಗೆ ಸರಿಯಾಗಿ ಬೀಳದೆ ಬರೀ ಬುದ್ಧಿಮಾತಿನಿಂದ ಈ ಕಾಯಿಲೆ ವಾಸಿಯಾಗುವುದಿಲ್ಲ.

ಭಯದ ಬಡ್ಡಿ ಲೆಕ್ಕ

ಹಾಗಾದರೆ “ತಿಂದರಾಯಿತಲ್ಲ” ಎನ್ನಬಹುದು. ಅಲ್ಲೇ ತೊಡಕು. ಕೆಲವು ತಿನಿಸುಗಳನ್ನು ಕಂಡರೆ ಅವರಿಗೆ ನಿಜವಾದ ಭಯ. ಎದೆ ಬಡಿದುಕೊಳ್ಳುತ್ತದೆ, ಕೈ ಬೆವರುತ್ತದೆ. ಆಪಾಳಿಗೆ ಒಂದು ಧಾರವಾಡ ಪೇಢಾ ಅಂದರೆ ನಮಗೆ ನಾಗರಹಾವು ಇದ್ದಂತೆ.

ವಾಣಿಜ್ಯದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಒಬ್ಬ ಅಂಗಡಿಯವನು ಹಳೇ ಸಾಲ ಕಟ್ಟಲು ಹೊಸ ಸಾಲ ತಂದ ಎಂದುಕೊಳ್ಳಿ. ಇವತ್ತಿಗೆ ನೆಮ್ಮದಿ, ನಾಳೆಗೆ ಬಡ್ಡಿ ಸೇರಿ ಸಾಲ ದೊಡ್ಡದು. ಭಯಪಡಿಸುವ ತಿನಿಸನ್ನು ದೂರ ತಳ್ಳಿದಾಗಲೂ ಹೀಗೆಯೇ. ಆ ಕ್ಷಣಕ್ಕೆ ಹಾಯೆನಿಸುತ್ತದೆ. ಆದರೆ ಮನಸ್ಸು “ತಿನ್ನಲಿಲ್ಲ, ಅದಕ್ಕೇ ಬಚಾವಾದೆ” ಎಂದು ಪಾಠ ಕಲಿಯುತ್ತದೆ. ಮುಂದಿನ ಸಲ ಭಯ ಇನ್ನೂ ಹೆಚ್ಚು. ಪೇಢಾದಿಂದ ಶುರುವಾದದ್ದು ಅನ್ನದವರೆಗೆ ಬರುವುದು ಈ ದಾರಿಯಲ್ಲೇ.

ಪೀಟರ್ ಮತ್ತು ಮೊಲ

ಈ ಸಾಲ ತೀರಿಸುವ ದಾರಿ ಸುಮಾರು ನೂರು ವರ್ಷದ ಹಿಂದೆಯೇ ಸಿಕ್ಕಿದೆ. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ಅಮೆರಿಕದ ಮನೋವಿಜ್ಞಾನಿ ಪೀಟರ್ ಎಂಬ ಪುಟ್ಟ ಹುಡುಗನ ಬಗ್ಗೆ ಬರೆದರು. ಅವನಿಗೆ ಮೊಲ ಕಂಡರೆ ಭಯ. ಅವರು ಬೈಯಲಿಲ್ಲ, ಮೊಲವನ್ನು ಮಡಿಲಿಗೂ ಹಾಕಲಿಲ್ಲ. ಅವನು ಇಷ್ಟದ ತಿನಿಸು ತಿನ್ನುತ್ತಿರುವಾಗ ಪಂಜರದಲ್ಲಿದ್ದ ಮೊಲವನ್ನು ದೂರದಲ್ಲಿಟ್ಟರು. ಮುಂದೆ ಮುಂದೆ ಸ್ವಲ್ಪ ಸ್ವಲ್ಪ ಹತ್ತಿರ ತಂದರು. ಕೊನೆಗೆ ಪೀಟರ್ ಮೊಲದ ಮೈ ಸವರಿದ. 1958ರಲ್ಲಿ ಜೋಸೆಫ್ ವೋಲ್ಪೆ ಎಂಬ ವೈದ್ಯರು ಇದೇ ಬಗೆಯ ಚಿಕಿತ್ಸೆಯನ್ನು ಕ್ರಮಬದ್ಧವಾಗಿ ವಿವರಿಸಿದರು. ಭಯಗಳನ್ನು ಪಟ್ಟಿ ಮಾಡಿ, ಅಂಕ ಕೊಟ್ಟು, ಕಡಿಮೆ ಭಯದಿಂದ ಹೆಚ್ಚಿನ ಭಯದ ಕಡೆಗೆ ಏರಬೇಕು. ಈಟಿಂಗ್ ಡಿಸಾರ್ಡರ್ ಚಿಕಿತ್ಸೆಯಲ್ಲಿ ಆ ಮೊಲದ ಜಾಗದಲ್ಲಿ ಇರುವುದು ತಿನಿಸು.

ಆಪಾಳ ಏಣಿ

ಒಂದು ಎಚ್ಚರಿಕೆ ಮೊದಲು. ಬಹಳ ದಿನ ಊಟ ಬಿಟ್ಟವರು ಒಮ್ಮೆಗೇ ಹೆಚ್ಚು ತಿಂದರೆ ರಕ್ತದಲ್ಲಿ ಫಾಸ್ಫೇಟಿನಂಥ ಲವಣಗಳು ಇಳಿದು ಹೃದಯಕ್ಕೇ ಅಪಾಯವಾಗಬಹುದು. ಆದ್ದರಿಂದ ಮೊದಲ ಹೆಜ್ಜೆ ವೈದ್ಯರದು. ಆಪಾಳಿಗೂ ಮೊದಲು ರಕ್ತ ಪರೀಕ್ಷೆ, ನಾಡಿ, ಬಿಪಿ ನೋಡಿದರು. ಆಮೇಲೆ ದಿನಕ್ಕೆ ಮೂರು ಊಟ, ನಡುವೆ ತಿಂಡಿ ಎಂದು ಗಡಿಯಾರ ನೋಡಿ ತಿನ್ನುವ ಅಭ್ಯಾಸ ಮಾಡಿಸಿದರು. ಭಯದ ತಿನಿಸುಗಳ ಸರದಿ ಬಂದದ್ದು ಅದಾದ ಮೇಲೆ.

ಆಪ್ತಸಮಾಲೋಚಕಿಯ ಮುಂದೆ ಕೂತು ಅವಳು ಹತ್ತು ಅಂಕದ ಪಟ್ಟಿ ಬರೆದಳು. ಜೋಳದ ರೊಟ್ಟಿ, ಪಲ್ಯ: 2. ಶೇಂಗಾ ಹಿಂಡಿಗೆ ಎಣ್ಣೆ ಹಾಕಿಕೊಳ್ಳುವುದು: 4. ಅನ್ನ, ದಾಲ್ಚಾ: 5. ಪೇಢಾ: 7. ಅಂಗಡಿಯ ಸಮೋಸಾ: 8. ಮದುವೆಯಲ್ಲಿ ಎಲ್ಲರ ಮುಂದೆ ಕೂತು ಬಿರಿಯಾನಿ: 10.

ನಿಯಮಗಳು ನಾಲ್ಕೇ. ಒಂದು, ಕೆಳಗಿನ ಮೆಟ್ಟಿಲಿಂದ ಶುರು. ಎರಡು, ಒಂದೇ ತಿನಿಸು ಮತ್ತೆ ಮತ್ತೆ. ಒಮ್ಮೆ ತಿಂದರೆ ಲೆಕ್ಕಕ್ಕಿಲ್ಲ. ಮೂರು, ಜೊತೆಗೆ ಒಬ್ಬರು ಇರಬೇಕು. ನಾಲ್ಕು, ತಿಂದದ್ದಕ್ಕೆ ದಂಡ ಕಟ್ಟುವಂತಿಲ್ಲ, ಅಂದರೆ ಮುಂದಿನ ಊಟ ಬಿಡುವಂತಿಲ್ಲ.

ಪೇಢಾದ ದಿನ ನಾನು ಜೊತೆಗಿದ್ದೆ. ತಿನ್ನುವ ಮುಂಚೆ ಅವಳು ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿದಳು. ಎಡಕ್ಕೆ ಅಂದಾಜು: “ತಿಂದರೆ ನಿಲ್ಲಿಸಲು ಆಗುವುದಿಲ್ಲ. ರಾತ್ರಿಯೆಲ್ಲ ನಿದ್ದೆ ಬರುವುದಿಲ್ಲ. ಭಯ 7.” ಬಲಕ್ಕೆ ನಡೆದದ್ದು ಬರೆಯಬೇಕು. ಅರ್ಧ ಪೇಢಾ ತಿನ್ನಲು ಮುಕ್ಕಾಲು ಗಂಟೆ ಹಿಡಿಯಿತು. ಅತ್ತಳು. ನಾನು ಲೆಕ್ಕಶಾಸ್ತ್ರದ ಹೋಂವರ್ಕ್ ಮಾಡುತ್ತಾ ಪಕ್ಕದಲ್ಲೇ ಕೂತಿದ್ದೆ. ಮರುದಿನ ಬಲಗಡೆ ಬರೆದಳು: “ಅರ್ಧಕ್ಕೆ ನಿಲ್ಲಿಸಿದೆ. ತಡವಾಗಿ ನಿದ್ದೆ ಬಂತು, ಆದರೆ ಬಂತು.” ಐದನೆಯ ಸಲಕ್ಕೆ ಪೇಢಾದ ಅಂಕ 3ಕ್ಕೆ ಇಳಿದಿತ್ತು. ಬಜೆಟ್ಟಿನಲ್ಲಿ ಬರೆದ ನಷ್ಟ ನಿಜವಾದ ಲೆಕ್ಕದಲ್ಲಿ ಬರಲಿಲ್ಲ. ಅದನ್ನು ನಾವು ನೂರು ಸಲ ಬಾಯಲ್ಲಿ ಹೇಳಿದ್ದೆವು, ಅವಳು ನಂಬಿರಲಿಲ್ಲ. ತನ್ನ ಕೈಯಿಂದ ಬರೆದಾಗ ನಂಬಿದಳು.

ಇಲ್ಲಿ ನಾನು ಕಲಿತ ಮುಖ್ಯ ಪಾಠ ಇದು: ಭಯ ಹೋದ ಮೇಲೆ ತಿನ್ನುವುದಲ್ಲ, ತಿಂದ ಮೇಲೆ ಭಯ ಹೋಗುವುದು. ಧೈರ್ಯ ಬರಲಿ ಎಂದು ಕಾದಿದ್ದರೆ ಆಪಾ ಇನ್ನೂ ಕಾಯುತ್ತಲೇ ಇರುತ್ತಿದ್ದಳು.

ಎಲ್ಲವೂ ಸಲೀಸಾಗಿ ಆಗಲಿಲ್ಲ. ಒಂದು ಅಕೀಕಾ ಊಟದಲ್ಲಿ ಯಾರೋ ಹಿರಿಯರು “ಮಾಶಾಅಲ್ಲಾಹ್, ಈಗ ಮೈಕೈ ತುಂಬಿಕೊಂಡಿದ್ದೀಯ” ಎಂದರು. ಅವರು ಪ್ರೀತಿಯಿಂದಲೇ ಹೇಳಿದ್ದು. ಆಪಾ ಎರಡು ದಿನ ಸಮೋಸಾ ಇರಲಿ, ಅನ್ನವನ್ನೂ ಮುಟ್ಟಲಿಲ್ಲ. ಹೀಗಾಗುವುದು ಸಹಜ, ಒಂದು ಮೆಟ್ಟಿಲು ಇಳಿದು ಮತ್ತೆ ಹತ್ತಬೇಕು, ನೆಲಕ್ಕೆ ಬಂದೆ ಎಂದುಕೊಳ್ಳಬಾರದು ಎಂದು ಸಮಾಲೋಚಕಿ ಹೇಳಿದರು.

ರೋಜಾದ ಪ್ರಶ್ನೆ

ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ರಂಜಾನಿನಲ್ಲಿ ಉಪವಾಸ ಪುಣ್ಯದ ಕೆಲಸ. ಆದರೆ ಈ ಕಾಯಿಲೆ ಇರುವವರಿಗೆ ಊಟ ಬಿಡಲು ಅದೇ ಒಂದು ನೆಪವೂ ಆಗಬಹುದು, ಯಾರಿಗೂ ಅನುಮಾನ ಬರುವುದಿಲ್ಲ. ಸೂರಾ ಅಲ್-ಬಖರಾದ 184 ಮತ್ತು 185ನೆಯ ಆಯತ್‌ಗಳಲ್ಲಿ ಕಾಯಿಲೆಯವರಿಗೆ ರೋಜಾ ಬಿಟ್ಟು ಬೇರೆ ದಿನಗಳಲ್ಲಿ ಪೂರ್ತಿ ಮಾಡುವ ರಿಯಾಯಿತಿ ಇದೆ. ಮನಸ್ಸಿನ ಕಾಯಿಲೆಯೂ ಕಾಯಿಲೆಯೇ, ಇದಂತೂ ದೇಹವನ್ನೂ ತಿನ್ನುವ ಕಾಯಿಲೆ. ಆಪಾಳ ವಿಷಯದಲ್ಲಿ ಅಬ್ಬಾ ಮೊದಲು ವೈದ್ಯರನ್ನು ಕೇಳಿದರು, ಆಮೇಲೆ ನಮ್ಮ ಮೊಹಲ್ಲಾದ ಮೌಲಾನಾ ಅವರನ್ನು ಕೇಳಿದರು. ಇಬ್ಬರೂ ಈ ವರ್ಷ ಬೇಡ ಎಂದರು. ಅವಳಿಗೆ ಬೇಸರವಾಯಿತು. ಇಫ್ತಾರ್ ತಟ್ಟೆ ಜೋಡಿಸುವ ಕೆಲಸ ತಾನೇ ವಹಿಸಿಕೊಂಡಳು, ನಮ್ಮ ಜೊತೆ ಕೂತು ಖರ್ಜೂರ ತಿಂದಳು.

ನಾವು ಏನು ಮಾಡಬಹುದು?

ಗೆಳೆಯರ ದಪ್ಪ-ತೆಳುವಿನ ಬಗ್ಗೆ ಮಾತಾಡುವುದು ಬಿಡೋಣ, ಹೊಗಳಿಕೆಯಾಗಿದ್ದರೂ. “ಇಷ್ಟೇನಾ ತಿನ್ನೋದು?”, “ಅಷ್ಟೊಂದು ತಿನ್ನುತ್ತೀಯಾ?” ಎರಡೂ ಬೇಡ. ಯಾರಾದರೂ ಡಬ್ಬಿ ತೆರೆಯದೆ ಮನೆಗೆ ಒಯ್ಯುತ್ತಿದ್ದರೆ, ಕ್ಲಾಸಿನಲ್ಲಿ ತಲೆ ಸುತ್ತಿ ಬೀಳುತ್ತಿದ್ದರೆ, ಗಿರಮಿಟ್ ತಿನ್ನಲು ಹೋಗೋಣ ಎಂದಾಗಲೆಲ್ಲ ತಪ್ಪಿಸಿಕೊಳ್ಳುತ್ತಿದ್ದರೆ, ಒಬ್ಬರೇ ಸಿಕ್ಕಾಗ “ಹೇಗಿದ್ದೀಯ?” ಎಂದು ಕೇಳಿ. ಉತ್ತರ ಬರದಿದ್ದರೆ ಒತ್ತಾಯ ಬೇಡ, ಇನ್ನೊಂದು ದಿನ ಮತ್ತೆ ಕೇಳಿ. ನಂಬಿಕೆಯ ಉಪನ್ಯಾಸಕರೊಬ್ಬರಿಗೆ ತಿಳಿಸಿ. ಗುಟ್ಟಾಗಿಡು ಎಂದು ಗೆಳತಿ ಹೇಳಿದರೂ ಪ್ರಾಣದ ವಿಷಯದಲ್ಲಿ ಗುಟ್ಟು ಇಲ್ಲ. ಊಟಕ್ಕೆ ಕೂತಾಗ ಅವರ ತಟ್ಟೆ ನೋಡಬೇಡಿ. ಕ್ರಿಕೆಟ್ ಬಗ್ಗೆ ಮಾತಾಡಿ, ಚಿಗರಿ ಬಸ್ಸಿನ ಗದ್ದಲದ ಬಗ್ಗೆ ಮಾತಾಡಿ.

ತಂದೆ ತಾಯಿ ತಮ್ಮಿಂದ ತಪ್ಪಾಯಿತು ಎಂದು ಕೊರಗಬೇಕಿಲ್ಲ. ನಮ್ಮ ವಯಸ್ಸಿನವರ ಅನೊರೆಕ್ಸಿಯಾಕ್ಕೆ ಲಂಡನ್ನಿನ ಮಾಡ್‌ಸ್ಲಿ ಆಸ್ಪತ್ರೆಯಲ್ಲಿ 1980ರ ದಶಕದಲ್ಲಿ ರೂಪುಗೊಂಡ ಚಿಕಿತ್ಸೆಯಲ್ಲಿ ಮನೆಯವರೇ ಊಟದ ಹೊಣೆ ಹೊರುತ್ತಾರೆ. ಅವರನ್ನು ಚಿಕಿತ್ಸೆಯ ಭಾಗ ಎಂದೇ ಎಣಿಸುತ್ತಾರೆ.

ನೆರವು ದೂರದಲ್ಲಿಲ್ಲ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಮೊದಲು ಕಿಮ್ಸ್ ಎನ್ನುತ್ತಿದ್ದ ಹುಬ್ಬಳ್ಳಿಯ ಕೆಎಂಸಿಆರ್‌ಐ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ. ಆಸ್ಪತ್ರೆಗೆ ಹೋಗಲು ಹಿಂಜರಿಕೆಯಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್‌ನಿಂದ ಅದು ಹಗಲು ರಾತ್ರಿ ನಡೆಯುತ್ತಿದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಎದೆ ನೋವು, ಮೂರ್ಛೆ, ತೀರಾ ನಿಶ್ಶಕ್ತಿ ಇದ್ದರೆ ಫೋನ್ ಮಾಡುತ್ತಾ ಕೂರದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು.

ಆಪಾಳ ಪಟ್ಟಿಯಲ್ಲಿ ಹತ್ತನೆಯ ಅಂಕದ ಬಿರಿಯಾನಿ ಇನ್ನೂ ಬಾಕಿ ಇದೆ. ಮುಂದಿನ ತಿಂಗಳು ನಮ್ಮ ಮಾಮೂ ಮಗನ ನಿಕಾಹ್. ಒಂದೇ ತಟ್ಟೆಯಲ್ಲಿ ನಾನು ಅವಳ ಜೊತೆ ಕೂರುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ನಾಲ್ಕು ತುತ್ತು ತಿಂದರೂ ಸರಿ, ನೋಟ್‌ಬುಕ್ಕಿನ ಬಲಗಡೆ ಬರೆದುಕೊಳ್ಳುತ್ತೇವೆ. ನೀವೂ ದುವಾ ಮಾಡಿ.